ನಾಲಗೆಯ ಸಾಕ್ಷಿ, ನೆತ್ತರಿನ ಸಾಕ್ಷಿ

ಕಾಳಿದಾಸನ ‘ಶಾಕುಂತಲ’ವನ್ನು ಬಲ್ಲವರೆಲ್ಲ ಉಂಗುರವನ್ನು ನೆನೆಯುತ್ತಾರೆ, ಬೆಸ್ತನನ್ನು ನೆನೆಯುವವರು ಕಡಮೆ. ಆರನೆಯ ಅಂಕದ ಮೊದಲಲ್ಲಿ ಅವನ ಪ್ರವೇಶ. ಕೈಗಳನ್ನು ಹಿಂದಕ್ಕೆ ಕಟ್ಟಿ, ಹೊಡೆಯುತ್ತ, ಕಾವಲಿನವರು ಅವನನ್ನು ರಂಗಕ್ಕೆ ತರುತ್ತಾರೆ. ಅರಸನ ಹೆಸರು ಕೆತ್ತಿದ ಉಂಗುರ ನಿನ್ನ ಕೈಗೆ ಹೇಗೆ ಬಂತೆಂಬುದು ಅವರ ಪ್ರಶ್ನೆ. ಮೀನನ್ನು ಸೀಳಿದಾಗ ಅದರ ಹೊಟ್ಟೆಯಲ್ಲಿ ಕಂಡೆನೆಂದು ಅವನು ಇದ್ದುದನ್ನು ಇದ್ದಂತೆಯೇ ಹೇಳುತ್ತಾನೆ. ಬಡವನ ಮಾತಿಗೆ ಅಲ್ಲಿ ಬೆಲೆಯಿಲ್ಲ. ಉಂಗುರವನ್ನು ಅರಸ ಕಂಡ ಮೇಲೆಯೇ ಅವನ ಕಟ್ಟು ಬಿಚ್ಚುವುದು. ಅದಕ್ಕೆ ಹಿಂದಿನ ಅಂಕದಲ್ಲಿ ಶಕುಂತಲೆಯ ಮಾತೂ ಹೀಗೆಯೇ ಸೋತಿತ್ತು. ತೋರಿಸುವುದಕ್ಕೆ ಅವಳ ಬೆರಳಲ್ಲಿ ಉಂಗುರವಿರಲಿಲ್ಲ. ಮಾತು ಸೋತ ಕಡೆ ವಸ್ತು ಗೆದ್ದ ಕಥೆ ಇದು.

ಅಪರಾಧವನ್ನೂ ಅದರ ಪತ್ತೆಯನ್ನೂ ಕುರಿತ ಸಾಹಿತ್ಯವೆಲ್ಲ ಈ ಎರಡರ ನಡುವೆ ತೂಗಾಡುತ್ತ ಬಂದಿದೆ. ಮನುಷ್ಯ ಆಡಿದ್ದನ್ನು ನಂಬಬೇಕೋ, ಅವನು ಬಿಟ್ಟುಹೋದ ಕುರುಹನ್ನು ನಂಬಬೇಕೋ? 1887ರಲ್ಲಿ ಕಾನನ್ ಡಾಯಲ್ ತನ್ನ ಪತ್ತೇದಾರ ಷರ್ಲಾಕ್ ಹೋಮ್ಸನನ್ನು ಮೊದಲ ಸಲ ಓದುಗರ ಮುಂದೆ ನಿಲ್ಲಿಸಿದಾಗ, ಆತ ಪ್ರಯೋಗಾಲಯದಲ್ಲಿ ಹರ್ಷದಿಂದ ಕೂಗಾಡುತ್ತಿದ್ದ. ಒಣಗಿದ ಕಲೆ ರಕ್ತದ್ದೋ ಅಲ್ಲವೋ ಎಂದು ಖಚಿತವಾಗಿ ಹೇಳುವ ಪರೀಕ್ಷೆಯೊಂದನ್ನು ಕಂಡುಹಿಡಿದ ಹರ್ಷ ಅದು. ಹೋಮ್ಸನ ಆಸೆ ಅಷ್ಟಕ್ಕೇ ನಿಂತಿತ್ತು: ಇದು ರಕ್ತವೇ? ಇದು ಯಾರ ರಕ್ತ ಎಂಬ ಮುಂದಿನ ಪ್ರಶ್ನೆಗೆ ನಿಜವಾದ ಉತ್ತರ ದೊರೆಯುವುದಕ್ಕೆ ಇನ್ನೂ ನೂರು ವರ್ಷ ಹಿಡಿಯಿತು. ಆ ಉತ್ತರ ಮೊದಲ ಬಾರಿಗೆ ಒಂದು ಕೊಲೆಯ ಪತ್ತೆಗೆ ಬಳಕೆಯಾದ ವೃತ್ತಾಂತವೇ ಅಮೆರಿಕದ ಲೇಖಕ ಜೋಸೆಫ್ ವಾಂಬಾ 1989ರಲ್ಲಿ ಪ್ರಕಟಿಸಿದ ‘ದಿ ಬ್ಲಡಿಂಗ್’. ಡಿ.ಎನ್.ಎ. ಪರೀಕ್ಷೆಯ ಮಾತು ನಮ್ಮ ಪತ್ರಿಕೆಗಳ ಅಪರಾಧದ ಸುದ್ದಿಯಲ್ಲಿ ದಿನವೂ ಎಂಬಂತೆ ಬರುತ್ತಿರುವಾಗ, ಈ ಹಳೆಯ ಪುಸ್ತಕವನ್ನು ಮತ್ತೆ ತೆರೆದು ನೋಡುವುದಕ್ಕೆ ಕಾರಣವಿದೆ.

ಕಥೆ ನಡೆಯುವುದು ಇಂಗ್ಲೆಂಡಿನ ಲೆಸ್ಟರ್ ನಗರಕ್ಕೆ ಸಮೀಪದ ನಾರ್‌ಬರೊ, ಲಿಟ್ಲ್‌ಥಾರ್ಪ್, ಎಂಡರ್‌ಬಿ ಎಂಬ ಮೂರು ಹಳ್ಳಿಗಳಲ್ಲಿ. 1983ರ ನವೆಂಬರಿನಲ್ಲಿ ಅಲ್ಲಿನ ಒಂದು ಕಾಲುದಾರಿಯ ಪಕ್ಕದಲ್ಲಿ ಹದಿನೈದು ವರ್ಷದ ಹುಡುಗಿಯ ಮೇಲೆ ಅತ್ಯಾಚಾರ ನಡೆಸಿ ಕೊಂದಿದ್ದರು. ಅಪರಾಧಿ ಸಿಕ್ಕಲಿಲ್ಲ. 1986ರ ಜುಲೈ ಕೊನೆಯಲ್ಲಿ, ಅಷ್ಟೇನೂ ದೂರವಲ್ಲದ ಮತ್ತೊಂದು ಓಣಿಯಲ್ಲಿ, ಅದೇ ವಯಸ್ಸಿನ ಇನ್ನೊಬ್ಬಳು ಅದೇ ರೀತಿಯಲ್ಲಿ ಸತ್ತಳು. ಹತ್ತಿರದ ಮಾನಸಿಕ ಆಸ್ಪತ್ರೆಯ ಅಡಿಗೆಮನೆಯಲ್ಲಿ ಚಾಕರಿಗಿದ್ದ ಹದಿನೇಳು ವರ್ಷದ, ಮಂದಬುದ್ಧಿಯ ಹುಡುಗನೊಬ್ಬನನ್ನು ಪೋಲೀಸರು ಹಿಡಿದರು. ವಿಚಾರಣೆಯಲ್ಲಿ ಅವನು ಒಮ್ಮೆ ಒಪ್ಪಿದ, ಒಮ್ಮೆ ಅಲ್ಲಗಳೆದ, ಮತ್ತೆ ಒಪ್ಪಿದ. ಎರಡನೆಯ ಕೊಲೆಯನ್ನು ತಾನು ಮಾಡಿದ್ದಾಗಿಯೂ ಮೊದಲನೆಯದರ ಗೊಡವೆ ತನಗಿಲ್ಲವೆಂದೂ ಅವನ ಹೇಳಿಕೆ. ಎರಡೂ ಒಬ್ಬನದೇ ಕೈವಾಡವೆಂದು ಪೋಲೀಸರಿಗೆ ಸಂಶಯವಿರಲಿಲ್ಲ. ಅದನ್ನು ಸಾಬೀತುಮಾಡಿಕೊಡಿ ಎಂದು ಅವರು ಲೆಸ್ಟರ್ ವಿಶ್ವವಿದ್ಯಾನಿಲಯದ ಅಲೆಕ್ ಜೆಫ್ರೀಸ್ ಎಂಬ ವಿಜ್ಞಾನಿಯ ಬಳಿಗೆ ಹೋದರು.

ಜೆಫ್ರೀಸ್ ಎರಡು ವರ್ಷಗಳ ಹಿಂದೆ, 1984ರ ಸೆಪ್ಟೆಂಬರ್ 10ರ ಬೆಳಿಗ್ಗೆ, ಒಂದು ಎಕ್ಸ್‌ರೇ ಫಿಲಮ್ಮನ್ನು ತೊಳೆದು ನೋಡುತ್ತಿದ್ದಾಗ ತನ್ನ ಶೋಧವನ್ನು ಕಂಡಿದ್ದರು. ಅದರ ತತ್ತ್ವ ಗಹನವಾದರೂ ಹೇಳಲು ಕಷ್ಟವಲ್ಲ. ನಮ್ಮ ದೇಹದ ಜೀವಕೋಶಗಳಲ್ಲಿ ತಂದೆಯಿಂದ ಒಂದು, ತಾಯಿಯಿಂದ ಒಂದು ಎಂಬಂತೆ ಬಂದ ಉದ್ದನೆಯ ಬರಹವೊಂದಿದೆ, ಅದೇ ಡಿ.ಎನ್.ಎ. ಅದರ ಬಹುಭಾಗ ಮನುಷ್ಯರೆಲ್ಲರಿಗೂ ಸಮಾನ. ಆದರೆ ಕೆಲವು ಕಡೆಗಳಲ್ಲಿ ಒಂದು ಸಣ್ಣ ತುಣುಕು, ಭಜನೆಯ ಪಲ್ಲವಿಯಂತೆ, ಮತ್ತೆ ಮತ್ತೆ ಮರುಕಳಿಸುತ್ತದೆ. ಒಬ್ಬರಲ್ಲಿ ಅದು ಎಂಟು ಸಲವಿದ್ದರೆ ಮತ್ತೊಬ್ಬರಲ್ಲಿ ಹದಿನೈದು ಸಲ. ಇಂಥ ಹಲವು ಎಡೆಗಳನ್ನು ಒಟ್ಟಿಗೆ ಎಣಿಸಿದರೆ, ಒಂದೇ ಅಂಡದಿಂದ ಹುಟ್ಟಿದ ಅವಳಿಗಳನ್ನು ಬಿಟ್ಟು, ಇಬ್ಬರ ಲೆಕ್ಕ ಪೂರ್ತಿ ಒಂದಾಗುವುದು ಅತ್ಯಂತ ವಿರಳ. ಫಿಲಮ್ಮಿನ ಮೇಲೆ ಅದು ಏಣಿಯ ಮೆಟ್ಟಿಲುಗಳಂತೆ ಕಪ್ಪು ಗೆರೆಗಳಾಗಿ ಮೂಡುತ್ತದೆ.

ಈ ಗೆರೆಗಳು ಪೋಲೀಸರ ನಿರೀಕ್ಷೆಯನ್ನು ಅರ್ಧ ನಡೆಸಿದವು, ಅರ್ಧ ಮುರಿದವು. ಎರಡು ಕೊಲೆಗಳೂ ಒಬ್ಬನವೇ, ನಿಜ. ಆದರೆ ಆ ಒಬ್ಬ ಈ ಹುಡುಗನಲ್ಲ. ಫಲಿತಾಂಶ ಕಂಡಾಗ ಜೆಫ್ರೀಸರಿಗೆ ಮೊದಲು ಬಂದ ಅನುಮಾನ ತಮ್ಮ ವಿಧಾನದ ಮೇಲೆಯೇ. ಸರಕಾರದ ಪ್ರಯೋಗಾಲಯವೂ ಪರೀಕ್ಷಿಸಿ ಅದೇ ಉತ್ತರ ಕೊಟ್ಟ ಮೇಲೆ, 1986ರ ನವೆಂಬರಿನಲ್ಲಿ ಹುಡುಗನ ಬಿಡುಗಡೆಯಾಯಿತು. ಕೊಲೆಯ ಪತ್ತೆಗೆಂದು ಕರೆತಂದ ಡಿ.ಎನ್.ಎ. ಮೊತ್ತಮೊದಲು ಮಾಡಿದ ಕೆಲಸ ನಿರಪರಾಧಿಯೊಬ್ಬನನ್ನು ಬಿಡಿಸಿದ್ದು. ಈ ಸಂಗತಿಯನ್ನು ಓದುಗರು ಮರೆಯಬಾರದು; ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಮರೆಯುತ್ತಾರೆ.

1987ರ ಜನವರಿಯಲ್ಲಿ ಪೋಲೀಸರು ಹಿಂದೆಂದೂ ಯಾರೂ ಮಾಡದ ಕೆಲಸಕ್ಕೆ ಕೈಹಾಕಿದರು. ಆ ಹಳ್ಳಿಗಳ ಹದಿನೇಳರಿಂದ ಮೂವತ್ತನಾಲ್ಕು ವರ್ಷದ ಗಂಡಸರೆಲ್ಲ ತಾವಾಗಿ ಬಂದು ರಕ್ತವನ್ನೋ ಎಂಜಲನ್ನೋ ಕೊಡಬೇಕೆಂದು ಕರೆಕೊಟ್ಟರು. ಐದು ಸಾವಿರಕ್ಕೂ ಹೆಚ್ಚು ಮಂದಿ ಕೊಟ್ಟರು. ಪುಸ್ತಕದ ಹೆಸರು ಬಂದದ್ದು ಈ ಪ್ರಸಂಗದಿಂದ. ಇಂಗ್ಲಿಷಿನಲ್ಲಿ ಆ ಮಾತಿಗೆ ಬೇಟೆಯ ಅರ್ಥವೂ ಉಂಟು: ಮೊದಲ ಸಲ ನರಿಬೇಟೆಗೆ ಹೋದವನ ಕೆನ್ನೆಗೆ ಸತ್ತ ನರಿಯ ರಕ್ತ ಬಳಿಯುವ ಪದ್ಧತಿಗೆ ಅದೇ ಹೆಸರು. ಲೆಸ್ಟರ್ ಸೀಮೆ ನರಿಬೇಟೆಗೆ ಹೆಸರಾದ ನಾಡು. ಬೇಟೆಗಾರರು ಯಾರು, ಬೇಟೆ ಯಾರು ಎಂದು ತಿಳಿಯದೆ ಇಡೀ ಊರು ತೋಳು ಚಾಚಿ ಸಾಲುನಿಂತ ಸ್ಥಿತಿಗೆ ಇದಕ್ಕಿಂತ ಒಪ್ಪುವ ಹೆಸರು ದೊರೆಯಲಾರದು.

ಆದರೆ ಐದು ಸಾವಿರ ಸೀಸೆಗಳಲ್ಲಿ ಕೊಲೆಗಾರನ ರಕ್ತ ಇರಲಿಲ್ಲ. ಕಾಲಿನ್ ಪಿಚ್‌ಫೋರ್ಕ್ ಎಂಬ ಬೇಕರಿ ಕೆಲಸಗಾರ ತನ್ನ ಬದಲು ಜೊತೆಯ ಕೆಲಸಗಾರನೊಬ್ಬನನ್ನು ಕಳಿಸಿದ್ದ. ತಾನು ಈಗಾಗಲೇ ಬೇರೊಬ್ಬ ಸ್ನೇಹಿತನ ಪರವಾಗಿ ರಕ್ತ ಕೊಟ್ಟುಬಿಟ್ಟಿದ್ದೇನೆಂದು ಅವನಿಗೆ ಕಥೆ ಕಟ್ಟಿ, ತನ್ನ ಪಾಸ್‌ಪೋರ್ಟಿನಲ್ಲಿ ಅವನ ಭಾವಚಿತ್ರ ಅಂಟಿಸಿ ಕೊಟ್ಟಿದ್ದ. 1987ರ ಆಗಸ್ಟಿನಲ್ಲಿ ಒಂದು ದಿನ ಆ ಜೊತೆಗಾರ ಮದ್ಯದಂಗಡಿಯಲ್ಲಿ ಕುಳಿತು ಗೆಳೆಯರೊಂದಿಗೆ ಹರಟುತ್ತ ಈ ಮಾತನ್ನು ಬಾಯಿಬಿಟ್ಟ. ಕೇಳಿಸಿಕೊಂಡ ಹೆಂಗಸೊಬ್ಬಳು ಕೆಲವು ವಾರ ತನ್ನಲ್ಲೇ ತೊಳಲಾಡಿ, ಕೊನೆಗೆ ಪೋಲೀಸರಿಗೆ ತಿಳಿಸಿದಳು. ಸೆಪ್ಟೆಂಬರ್ 19ರಂದು ಪಿಚ್‌ಫೋರ್ಕನ ಬಂಧನವಾಯಿತು. ಅವನ ನಿಜವಾದ ರಕ್ತ ಎರಡೂ ಕೊಲೆಗಳ ಕುರುಹಿಗೆ ತಾಳೆಯಾಯಿತು. 1988ರ ಜನವರಿಯಲ್ಲಿ ಅವನು ನ್ಯಾಯಾಲಯದಲ್ಲಿ ತಪ್ಪನ್ನು ಒಪ್ಪಿಕೊಂಡ, ಜೀವಾವಧಿ ಶಿಕ್ಷೆಯಾಯಿತು.

ವಾಂಬಾ ಬರೆಯುವ ಮೊದಲು ಲಾಸ್ ಏಂಜಲೀಸ್ ನಗರದ ಪೋಲೀಸ್ ಇಲಾಖೆಯಲ್ಲಿ ಪತ್ತೇದಾರರಾಗಿ ದುಡಿದವರು. ಆ ಅನುಭವದ ಲಾಭ ಈ ಪುಸ್ತಕದ ಪುಟಪುಟದಲ್ಲಿ ಕಾಣುತ್ತದೆ. ಪ್ರಯೋಗಾಲಯಕ್ಕೆ ಅವರು ಕೊಟ್ಟ ಪುಟಗಳು ಹೋಲಿಕೆಯಲ್ಲಿ ಸ್ವಲ್ಪ. ಹೆಚ್ಚಿನವು ಮೀಸಲಾಗಿರುವುದು ಓಣಿಗಳಿಗೆ, ಮನೆಮನೆಯ ಬಾಗಿಲು ತಟ್ಟಿ ದಣಿದ ಪೋಲೀಸರಿಗೆ, ಮಕ್ಕಳನ್ನು ಹೊರಗೆ ಕಳಿಸಲಾರದ ತಾಯಂದಿರಿಗೆ, ನೆರೆಯವನನ್ನು ಓರೆಗಣ್ಣಿನಿಂದ ನೋಡತೊಡಗಿದ ಊರಿಗೆ. ಭೀತಿ ಒಂದು ಹಳ್ಳಿಯ ನಡೆನುಡಿಯನ್ನು ಹೇಗೆ ನಿಧಾನವಾಗಿ ಬದಲಿಸುತ್ತದೆ ಎಂಬುದನ್ನು ಅವರು ಚೆನ್ನಾಗಿ ಬಲ್ಲರು. ವಿಜ್ಞಾನದ ವಿಜಯವನ್ನು ಹಾಡಲು ಹೊರಟ ಲೇಖಕ ಬರೆಯುವ ಪುಸ್ತಕ ಇದಲ್ಲ. ಮನುಷ್ಯರನ್ನು ನೋಡಿ ಪಳಗಿದವರು ಬರೆದದ್ದು.

ಆದರೂ ಪುಸ್ತಕದ ಕೊರತೆಯನ್ನು ಹೇಳಲೇಬೇಕು. ಟ್ರೂಮನ್ ಕಪೋಟಿಯ ‘ಇನ್ ಕೋಲ್ಡ್ ಬ್ಲಡ್’ 1966ರಲ್ಲಿ ಪುಸ್ತಕವಾಗಿ ಬಂದ ಮೇಲೆ, ನಿಜವಾದ ಕೊಲೆಯನ್ನು ಕಾದಂಬರಿಯ ಕಟ್ಟಿನಲ್ಲಿ ಹೇಳುವವರೆಲ್ಲರಿಗೂ ಅದೇ ಅಳತೆಗೋಲು. ಕಪೋಟಿಯ ಕೃತಿಯಲ್ಲಿ ಕೊಲೆಗಾರರು ಯಾರೆಂಬುದು ಗುಟ್ಟಲ್ಲ. ಅವರು ಹಾಗೇಕೆ ಆದರು ಎಂಬುದೇ ಅಲ್ಲಿನ ಶೋಧ. ವಾಂಬಾರಲ್ಲಿ ಪೋಲೀಸರು ಕಣ್ಣಿಗೆ ಕಟ್ಟುವಷ್ಟು ಕೊಲೆಗಾರ ಕಟ್ಟುವುದಿಲ್ಲ. ಅವನ ಬಾಳಿನ ವಿವರಗಳೆಲ್ಲ ಇವೆ, ಆದರೆ ಅವು ವಿವರಗಳಾಗಿಯೇ ಉಳಿಯುತ್ತವೆ. ಇದನ್ನು ಕ್ಷಮಿಸಬಹುದು, ಕೆಲವು ಮನಸ್ಸುಗಳು ತೆರೆಯುವುದಿಲ್ಲ. ಕ್ಷಮಿಸಲಾಗದ್ದು ಇನ್ನೊಂದು. ಮಾಡದ ಕೊಲೆಯನ್ನು ಒಪ್ಪಿಕೊಂಡ ಆ ಅಡಿಗೆಮನೆಯ ಹುಡುಗನ ಮುಂದೆ ಲೇಖಕರು ಇನ್ನಷ್ಟು ಹೊತ್ತು ನಿಲ್ಲಬೇಕಿತ್ತು ಎಂದು ನನಗೆ ತೋರುತ್ತದೆ. ಅವನ ತೊದಲುವ ಉತ್ತರಗಳನ್ನು ಅವರು ಕೊಡುತ್ತಾರೆ. ಓದುವಾಗ ಎದೆ ನಡುಗುತ್ತದೆ. ಆದರೆ ಕಥೆಗೆ ಆತುರ. ಹುಡುಗ ಬಿಡುಗಡೆಯಾದ, ಮುಂದೆ ನಿಜವಾದ ಅಪರಾಧಿಯ ಬೇಟೆ ನಡೆಯಬೇಕು. ಪತ್ತೇದಾರಿ ಕಥೆಯ ಹಳೆಯ ಚಾಳಿ ಪತ್ತೇದಾರಿ ಕಥೆಯಲ್ಲದ ಈ ಪುಸ್ತಕವನ್ನೂ ಎಳೆದೊಯ್ಯುತ್ತದೆ.

ಈ ಕಥೆಯ ತಿರುಳಿರುವುದು ಅಲ್ಲಿಯೇ ಎಂಬುದು ನನ್ನ ಅಭಿಪ್ರಾಯ. ನಾಲಗೆ ಮತ್ತು ನೆತ್ತರು ಇದರಲ್ಲಿ ಎರಡೆರಡು ಸಲ ಸಾಕ್ಷಿ ನುಡಿಯುತ್ತವೆ. ಮೊದಲ ಸಲ ಹುಡುಗನ ನಾಲಗೆ ಸುಳ್ಳಾಡಿತು, ನೆತ್ತರು ನಿಜವಾಡಿತು. ಎರಡನೆಯ ಸಲ ಸೀಸೆಯ ಮೇಲೆ ಪಿಚ್‌ಫೋರ್ಕನ ಹೆಸರು ಹೊತ್ತ ನೆತ್ತರು ಸುಳ್ಳಾಯಿತು, ಮದ್ಯದಂಗಡಿಯ ಎಲುಬಿಲ್ಲದ ನಾಲಗೆ ನಿಜವಾಯಿತು. ಆ ಹೆಂಗಸು ಬಾಯಿ ತೆರೆಯದಿದ್ದರೆ ಐದು ಸಾವಿರ ಪರೀಕ್ಷೆಗಳೂ ವ್ಯರ್ಥವಾಗುತ್ತಿದ್ದವು; ಪರೀಕ್ಷೆಯಿಲ್ಲದಿದ್ದರೆ ಅವಳ ಮಾತು ಬರಿಯ ಹರಟೆಯಾಗಿ ಹೋಗುತ್ತಿತ್ತು, ಹುಡುಗ ಸೆರೆಮನೆಯಲ್ಲಿ ಮುದುಕನಾಗುತ್ತಿದ್ದ. ಡಿ.ಎನ್.ಎ. ಕೊಲೆಗಾರನನ್ನು ಹಿಡಿಯಿತು ಎಂದು ಜಗತ್ತು ಈ ಪ್ರಸಂಗವನ್ನು ನೆನೆಯುತ್ತದೆ. ಇದು ಅರ್ಧ ಸತ್ಯ. ಅರ್ಧ ಸತ್ಯವನ್ನು ಪೂರ್ಣ ಸತ್ಯವೆಂದು ಬಗೆದವರು ಮುಂದೆ ಎಲ್ಲಿ ಎಡವುತ್ತಾರೆ ಎಂಬುದಕ್ಕೆ ಬೇಕಾದಷ್ಟು ನಿದರ್ಶನಗಳಿವೆ.

ಜರ್ಮನಿಯ ಒಂದು ನಿದರ್ಶನ ಸಾಕು. 2007ರಲ್ಲಿ ಹೈಲ್‌ಬ್ರಾನ್ ಎಂಬ ಊರಿನಲ್ಲಿ ಪೋಲೀಸ್ ಇಲಾಖೆಯ ತರುಣಿಯೊಬ್ಬಳನ್ನು ಗುಂಡಿಕ್ಕಿ ಕೊಂದರು. ಅಲ್ಲಿ ದೊರೆತ ಡಿ.ಎನ್.ಎ. ಒಬ್ಬ ಹೆಂಗಸಿನದು. ಅದೇ ಹೆಂಗಸಿನ ಡಿ.ಎನ್.ಎ. ಜರ್ಮನಿ, ಆಸ್ಟ್ರಿಯ, ಫ್ರಾನ್ಸ್ ದೇಶಗಳ ಸುಮಾರು ನಲವತ್ತು ಅಪರಾಧಗಳ ಸ್ಥಳಗಳಲ್ಲಿ ಕಂಡಿತ್ತು. ಕೊಲೆ, ಕಳವು, ಮನೆಗೆ ಕನ್ನ ಏನೆಲ್ಲ ಮಾಡಿಯೂ ಕಣ್ಣಿಗೆ ಬೀಳದ ಈ ಮಾಯಾವಿನಿಗಾಗಿ ಪೋಲೀಸರು ಹುಡುಕದ ಜಾಗವಿಲ್ಲ. 2009ರಲ್ಲಿ ಗುಟ್ಟು ಹೊರಬಿತ್ತು. ಕಲೆಗಳನ್ನು ಒರೆಸಿ ತೆಗೆಯುವ ಹತ್ತಿಯ ಕಡ್ಡಿಗಳ ತಯಾರಿಕೆಯಲ್ಲಿ ದುಡಿಯುತ್ತಿದ್ದ ಅಮಾಯಕ ಹೆಂಗಸಿನ ಡಿ.ಎನ್.ಎ. ಅದು! ಕಡ್ಡಿಗಳಲ್ಲಿ ರೋಗಾಣು ಇರದಂತೆ ಎಚ್ಚರ ವಹಿಸಿದ್ದರು. ರೋಗಾಣು ಸತ್ತರೂ ಡಿ.ಎನ್.ಎ. ಉಳಿಯುತ್ತದೆ. ನೆತ್ತರು ಸುಳ್ಳಾಡಲಿಲ್ಲ, ‘ನಾನು ಇಂಥವಳು’ ಎಂದಷ್ಟೇ ಅದು ನುಡಿಯಿತು. ‘ಇಲ್ಲಿಗೆ ಹೇಗೆ ಬಂದೆ’ ಎಂದು ಕೇಳಬೇಕಾದವರು ಕೇಳಲು ತಡಮಾಡಿದರು.

ಇದರಿಂದ ತಿಳಿಯುವುದು ಇಷ್ಟು. ‘ಇವನಲ್ಲ’ ಎನ್ನುವಾಗ ಡಿ.ಎನ್.ಎ.ಯ ಮಾತು ಸ್ಪಷ್ಟ; ಗೆರೆಗಳು ಕೂಡಲಿಲ್ಲವೆಂದರೆ ಕೂಡಲಿಲ್ಲ. ‘ಇವನೇ’ ಎನ್ನುವಾಗ ಅದು ಗಣಿತದ ಮಾತು. ಇಷ್ಟು ಜನರಲ್ಲಿ ಇನ್ನೊಬ್ಬನಿಗೆ ಈ ಲೆಕ್ಕ ಒಪ್ಪುವ ಸಂಭವ ಇಷ್ಟು ಎಂದು ಅದು ಹೇಳುತ್ತದೆ. ಯಾವಾಗ ಬಂದ, ಏಕೆ ಬಂದ, ಕೊಂದನೇ ಎಂಬುದಕ್ಕೆ ಅದರಲ್ಲಿ ಉತ್ತರವಿಲ್ಲ. ಜೆಫ್ರೀಸರ ಕಾಲದಲ್ಲಿ ಪರೀಕ್ಷೆಗೆ ಕಣ್ಣಿಗೆ ಕಾಣುವಷ್ಟು ಕಲೆ ಬೇಕಿತ್ತು. ಈಗ ಬೆರಳು ಸೋಕಿದ ಕಡೆ ಉಳಿದ ಕೆಲವೇ ಜೀವಕೋಶಗಳನ್ನು ಹಿಡಿದು, ಅವುಗಳ ಬರಹವನ್ನು ಕೋಟಿಗಟ್ಟಲೆ ನಕಲುಮಾಡಿ ಓದುವ ವಿಧಾನವಿದೆ. ಶಕ್ತಿ ಹೆಚ್ಚಿದಷ್ಟೂ ಸಂಬಂಧವಿಲ್ಲದವರ ಕುರುಹು ನುಸುಳುವ ಅಪಾಯವೂ ಹೆಚ್ಚಿದೆ. ಅದೇ ಹೊತ್ತಿಗೆ, ಅಮೆರಿಕದಲ್ಲಿ 1992ರಲ್ಲಿ ಆರಂಭವಾದ ‘ಇನೊಸೆನ್ಸ್ ಪ್ರಾಜೆಕ್ಟ್’ ಇದೇ ಪರೀಕ್ಷೆಯ ಬಲದಿಂದ ಸೆರೆಮನೆಯಲ್ಲಿ ಕೊಳೆಯುತ್ತಿದ್ದ ಎಷ್ಟೋ ನಿರಪರಾಧಿಗಳನ್ನು ಬಿಡಿಸಿದೆ. ಹೀಗೆ ಬಿಡುಗಡೆಯಾದವರ ಮೊಕದ್ದಮೆಗಳಲ್ಲಿ ನಾಲ್ಕರಲ್ಲಿ ಒಂದಕ್ಕಿಂತ ಹೆಚ್ಚು ಕಡೆ ಸುಳ್ಳು ತಪ್ಪೊಪ್ಪಿಗೆಯ ಪಾತ್ರವಿತ್ತು. ಲೆಸ್ಟರಿನ ಹುಡುಗ ಒಬ್ಬನೇ ಅಲ್ಲ.

ದೂರದ ಇಂಗ್ಲೆಂಡಿನ ಕಥೆ ನಮಗೇಕೆ ಎಂದು ಕೇಳುವವರುಂಟು. ನಮ್ಮ ದೇಶದ ಕಾನೂನು ಕೂಡ ಈ ನಾಲಗೆ–ನೆತ್ತರುಗಳ ಭೇದದ ಮೇಲೆಯೇ ನಿಂತಿದೆ. ಆರೋಪಿ ತನ್ನ ವಿರುದ್ಧ ತಾನೇ ಸಾಕ್ಷಿ ಹೇಳುವಂತೆ ಬಲಾತ್ಕರಿಸಕೂಡದೆಂದು ಸಂವಿಧಾನದ 20ನೆಯ ವಿಧಿಯ ಮಾತು. ಬೆರಳಚ್ಚನ್ನೋ ಕೈಬರಹದ ಮಾದರಿಯನ್ನೋ ಕೊಡುವುದು ಅಂಥ ಸಾಕ್ಷಿಯಾಗದೆಂದು ಸುಪ್ರೀಂ ಕೋರ್ಟು 1961ರಲ್ಲಿ ತೀರ್ಪಿತ್ತಿತು. 2010ರಲ್ಲಿ, ನಮ್ಮ ರಾಜ್ಯದ ಹೆಸರು ಹೊತ್ತ ‘ಸೆಲ್ವಿ ವಿರುದ್ಧ ಕರ್ನಾಟಕ’ ಮೊಕದ್ದಮೆಯಲ್ಲಿ, ಮದ್ದು ಚುಚ್ಚಿ ಆರೋಪಿಯಿಂದ ಮಾತು ಹೊರಡಿಸುವ ಮಂಪರು ಪರೀಕ್ಷೆಯನ್ನು ಅವನ ಒಪ್ಪಿಗೆಯಿಲ್ಲದೆ ನಡೆಸಕೂಡದೆಂದು ಅದೇ ನ್ಯಾಯಾಲಯ ಹೇಳಿತು. ನಾಲಗೆ ಆರೋಪಿಯದು, ಅದನ್ನು ಬಲವಂತದಿಂದ ಆಡಿಸುವಂತಿಲ್ಲ. ನೆತ್ತರಿಗೆ ಆ ರಕ್ಷಣೆಯಿಲ್ಲ. 2005ರಲ್ಲಿ ತಿದ್ದಿದ ದಂಡಪ್ರಕ್ರಿಯಾ ಸಂಹಿತೆ ಡಿ.ಎನ್.ಎ. ಪರೀಕ್ಷೆಯನ್ನು ಹೆಸರಿಟ್ಟು ಸೇರಿಸಿಕೊಂಡಿತ್ತು. 2022ರ ಗುರುತು ಪತ್ತೆಯ ಕಾಯಿದೆ ದೇಹದ ಮಾದರಿಗಳನ್ನು ತೆಗೆದುಕೊಳ್ಳಲು ಅಧಿಕಾರ ಕೊಟ್ಟು, ದಾಖಲೆಗಳನ್ನು 75 ವರ್ಷ ಇಡಲು ಅವಕಾಶ ಮಾಡಿದೆ. ಡಿ.ಎನ್.ಎ. ಬಳಕೆಗೆ ಪ್ರತ್ಯೇಕ ಕಟ್ಟುಪಾಡು ಹಾಕಬೇಕಿದ್ದ ಮಸೂದೆ ಮಾತ್ರ 2019ರಲ್ಲಿ ಲೋಕಸಭೆಗೆ ಬಂದು 2023ರಲ್ಲಿ ಹಿಂದಕ್ಕೆ ಹೋಯಿತು. ಬಲ ಬಂದಿದೆ, ಕಡಿವಾಣ ಬಂದಿಲ್ಲ.

ವಿಜ್ಞಾನದಲ್ಲಿ ನಾವು ಹಿಂದುಳಿದಿದ್ದೇವೆಂದು ಅಲ್ಲ. ಹೈದರಾಬಾದಿನ ಪ್ರಯೋಗಾಲಯದಲ್ಲಿ ಲಾಲ್‌ಜಿ ಸಿಂಗ್ 1980ರ ದಶಕದ ಕೊನೆಗೇ ಡಿ.ಎನ್.ಎ. ಗುರುತಿನ ವಿಧಾನವನ್ನು ಇಲ್ಲಿಯೇ ರೂಪಿಸಿದ್ದರು. ನಮ್ಮ ಕೊರತೆ ಪ್ರಯೋಗಾಲಯದ ಬಾಗಿಲಿನ ಹೊರಗಡೆ ಇದೆ: ಕಲೆಯನ್ನು ಯಾರು ತೆಗೆದರು, ಯಾರು ಮೊಹರು ಹಾಕಿದರು, ಠಾಣೆಯಲ್ಲಿ ಎಷ್ಟು ದಿನ ಎಲ್ಲಿಟ್ಟರು? 2025ರಲ್ಲಿ ತಮಿಳುನಾಡಿನ ಮೊಕದ್ದಮೆಯೊಂದರಲ್ಲಿ ಮರಣದಂಡನೆಗೆ ಗುರಿಯಾಗಿದ್ದವನನ್ನು ಬಿಡುಗಡೆ ಮಾಡುತ್ತ ಸುಪ್ರೀಂ ಕೋರ್ಟು ಇದೇ ಲೋಪವನ್ನು ಎತ್ತಿ ಹೇಳಿತು. ಮಾದರಿಗಳನ್ನು 48 ಗಂಟೆಗಳೊಳಗೆ ಪ್ರಯೋಗಾಲಯಕ್ಕೆ ಮುಟ್ಟಿಸಬೇಕು, ಅವು ಕೈಯಿಂದ ಕೈಗೆ ಹೋದದ್ದಕ್ಕೆ ಲೆಕ್ಕವಿಡಬೇಕು ಎಂದು ದೇಶಕ್ಕೆಲ್ಲ ನಿಯಮ ಹಾಕಿಕೊಟ್ಟಿತು. ನೆತ್ತರಿನ ಸಾಕ್ಷಿ ನ್ಯಾಯಾಲಯದ ಕಟ್ಟೆ ಹತ್ತುವ ಮೊದಲು ಎಷ್ಟು ಮನುಷ್ಯರ ಕೈದಾಟಿ ಬರುತ್ತದೆ, ಆ ಪ್ರತಿಯೊಬ್ಬನ ನಾಲಗೆಯೂ ಎಷ್ಟು ನಿಜವಾಗಿರಬೇಕು ಎಂಬುದಕ್ಕೆ ಬೇರೆ ವ್ಯಾಖ್ಯಾನ ಬೇಡ.

ಈಚಿನ ಪತ್ತೇದಾರಿ ಕಥೆಗಳಲ್ಲೂ ಚಲಚ್ಚಿತ್ರಗಳಲ್ಲೂ ಡಿ.ಎನ್.ಎ. ವರದಿ ಕಡೆಯ ದೃಶ್ಯದ ದೇವವಾಣಿಯಂತೆ ಬರುತ್ತದೆ. ವರದಿ ಬಂತು, ಕಥೆ ಮುಗಿಯಿತು. ಲೇಖಕನಿಗೆ ಇದರಿಂದ ಶ್ರಮ ಉಳಿಯುತ್ತದೆ, ಸಾಹಿತ್ಯಕ್ಕೆ ನಷ್ಟವಾಗುತ್ತದೆ. ಸುಳಿವಿನಿಂದ ಸುಳಿವಿಗೆ ಹೋಗುತ್ತ ಮನುಷ್ಯಸ್ವಭಾವವನ್ನು ಅಳೆಯುವ ಕೆಲಸವೇ ಈ ಪ್ರಕಾರದ ಜೀವ. ಅದನ್ನು ಸೀಸೆಗೆ ಒಪ್ಪಿಸಿಬಿಟ್ಟರೆ ಉಳಿಯುವುದು ಬರಿಯ ಫಲಿತಾಂಶ. ವಾಂಬಾರ ಪುಸ್ತಕದ ಹಿರಿಮೆ ಇಲ್ಲಿದೆ. ಅವರು ಸೀಸೆಯನ್ನು ಮಾತ್ರ ನೋಡಲಿಲ್ಲ. ಸೀಸೆ ಹಿಡಿದ ಕೈಗಳನ್ನೂ, ಚಾಚಿದ ತೋಳುಗಳನ್ನೂ, ಸಂಶಯದಿಂದ ಕುಗ್ಗಿದ ಊರನ್ನೂ ನೋಡಿದರು. ಹುಡುಗನ ವಿಷಯದಲ್ಲಿ ಅವಸರಪಟ್ಟರೆಂಬ ದೂರು ನನ್ನದು ಹಾಗೆಯೇ ಇದ್ದರೂ, ಡಿ.ಎನ್.ಎ. ಪತ್ತೆಯನ್ನು ಕುರಿತು ಬರೆಯಹೊರಟವರು ಮೊದಲು ಓದಬೇಕಾದದ್ದು ಇದನ್ನೇ.

‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎಂದು ನಮ್ಮ ಹಿರಿಯರ ಗಾದೆ. ಕಂಡದ್ದನ್ನು ಕುರಿತು ಹೇಳಿದ ಆ ಮಾತು ಕಪ್ಪು ಗೆರೆಗಳಿಗೂ ಸಲ್ಲುತ್ತದೆ. ಕಾಳಿದಾಸನ ಉಂಗುರ ಅರಸನಿಗೆ ನೆನಪು ತಂದುಕೊಟ್ಟಿತು, ಬೆಸ್ತನಿಗೆ ಜೀವ ಉಳಿಸಿಕೊಟ್ಟಿತು. ಆದರೆ ಅದು ನೀರಿಗೆ ಹೇಗೆ ಬಿತ್ತು, ಮೀನಿನ ಹೊಟ್ಟೆಗೆ ಹೇಗೆ ಹೋಯಿತು ಎಂಬುದನ್ನು ಉಂಗುರ ತಾನಾಗಿ ಹೇಳಲಿಲ್ಲ. ಅದಕ್ಕೆ ಬೆಸ್ತನ ಮಾತೇ ಬೇಕಾಯಿತು. ಹೊಡೆಯುವುದಕ್ಕೆ ಮುಂಚೆ ಆ ಮಾತನ್ನು ಸಾವಧಾನವಾಗಿ ಕೇಳುವವರು ಅಲ್ಲಿ ಇರಲಿಲ್ಲ. ಉಂಗುರದ ಜಾಗಕ್ಕೆ ನೆತ್ತರು ಬಂದಿರುವ ನಮ್ಮ ಕಾಲದಲ್ಲಾದರೂ ಅಂಥವರು ಇರಬೇಕು.